ಆ ಕುರ್ಚಿಲಿ ಕೂತವ್ರಿಗೆ ಹಕ್ಕಿದ್ಯಾ? ಧಾರವಾಡದ ಬಸ್ ಹತ್ತೋ ಮುಂಚೆ ಇದ್ನ ಓದಿ

ಪಂಚಾಯ್ತಿ ಇಲೆಕ್ಷನ್ ಮುಗಿದು ಒಂದೆರಡು ತಿಂಗಳಾದ್ಮೇಲೆ ವಕೀಲರ ಆಫೀಸಿಗೆ ಬರೋರು ಹೆಚ್ಚು ಕಮ್ಮಿ ಒಂದೇ ಮಾತು ತರ್ತಾರೆ, "ಅವ್ರಿಗೆ ಆ ಸೀಟಿಗೆ ನಿಲ್ಲೋ ಅರ್ಹತೆನೇ ಇರ್ಲಿಲ್ಲ ವಕೀಲ್ರೆ, ಹೈಕೋರ್ಟಿಗೆ ಹಾಕಿ ಇಳಿಸ್ಬಿಡಿ" ಅಂತ. ನಾನು ಕುಮಟಾ ಕಡೆ ಒಬ್ಬ ವಕೀಲರ ಹತ್ರ ಫೈಲ್ ಕಟ್ಟೋ ಕೆಲ್ಸದಲ್ಲಿರೋನು, ವಾದ ಮಾಡೋನಲ್ಲ, ಆದ್ರೆ ಯಾವ ಕಾಗದ ಇಲ್ದೆ ಯಾವ ಕೇಸು ಬಿತ್ತು ಅನ್ನೋದು ಕಟ್ಟೋನಿಗೆ ಗೊತ್ತಾಗ್ತದೆ. ಹೀಗೆ ಬರೋರ ದೂರು ಎಷ್ಟೋ ಸಲ ಸರಿನೇ ಇರ್ತದೆ. ಕೇಸು ಬೀಳೋದು ತಪ್ಪು ಬಾಗಿಲಿಗೆ ಹೋಗಿದ್ದಕ್ಕೆ, ಇಲ್ಲಾ ಟೈಮ್ ಮುಗಿದ್ಮೇಲೆ ಹೋಗಿದ್ದಕ್ಕೆ.

ಸಾರ್ವಜನಿಕ ಹುದ್ದೆಲಿ ಒಬ್ರು ಹಕ್ಕಿಲ್ದೆ ಕೂತಿದ್ದಾರೆ ಅಂತ ಕೇಸು ಮಾಡೋಕೆ ನಮ್ಮಲ್ಲಿ ಒಂದೇ ದಾರಿ ಇಲ್ಲ. ಪೇಪರಲ್ಲಿ ಆಗಾಗ ಬರೋ 'ಕೋ ವಾರಂಟೋ' ರಿಟ್ಟು, ಅಂದ್ರೆ ಯಾವ ಅಧಿಕಾರದ ಮೇಲೆ ಈ ಹುದ್ದೆಲಿ ಇದ್ದೀರಿ ತೋರ್ಸಿ ಅಂತ ಹೈಕೋರ್ಟು ಕೇಳೋದು, ಅದು ಒಂದು ದಾರಿ ಮಾತ್ರ, ಅದೂ ಎಲ್ರಿಗೂ ಮೊದಲ್ನೇ ದಾರಿ ಅಲ್ಲ.

ಮೊದಲು: ಯಾವ ಕುರ್ಚಿ, ಯಾವ ದೋಷ

ಒಂದು ಹಾಳೆ ತಗೊಂಡು ಎರಡು ವಿಷಯ ಬರೀರಿ. ಆ ಮನುಷ್ಯ ಆ ಕುರ್ಚಿಗೆ ಹೆಂಗೆ ಬಂದ್ರು, ಜನ ವೋಟ್ ಹಾಕಿ ಗೆಲ್ಸಿದ್ದಾ, ಸರ್ಕಾರ ನೇಮಕ ಮಾಡಿದ್ದಾ, ನಾಮನಿರ್ದೇಶನನಾ. ಆಮೇಲೆ ದೋಷ ಯಾವಾಗಿಂದು, ನಾಮಪತ್ರ ಹಾಕೋ ದಿನವೇ ಇತ್ತಾ, ಇಲೆಕ್ಷನ್ ದಿನ ನಡೆದಿದ್ದಾ, ಗೆದ್ದು ಕೂತ್ಮೇಲೆ ಬಂದಿದ್ದಾ. ಈ ಎರಡಕ್ಕೆ ಉತ್ತರ ಇದ್ರೆ ಬಾಗಿಲು ಯಾವುದು ಅಂತ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಗೆದ್ದು ಬಂದೋರಾದ್ರೆ, ದೋಷ ಇಲೆಕ್ಷನ್ನಿನ ಒಳಗಿಂದೇ ಆದ್ರೆ, ಇಲೆಕ್ಷನ್ ಪಿಟಿಶನ್ನು. ಪಂಚಾಯ್ತಿಗೆ ಸಂವಿಧಾನದ 243-ಓ, ಪುರಸಭೆ ನಗರಸಭೆಗೆ 243-ಝಡ್‌ಜಿ, ಎಮ್ಮೆಲ್ಲೆ ಎಂಪಿಗೆ 329(ಬಿ), ಮೂರರಲ್ಲೂ ಇರೋದು ಒಂದೇ ವಿಷಯ, ಚುನಾವಣೆ ಪ್ರಶ್ನೆ ಮಾಡೋದಿದ್ರೆ ಕಾನೂನು ಹೇಳಿದ ಚುನಾವಣಾ ಅರ್ಜಿಲೇ ಮಾಡಿ, ಬೇರೆ ಕೋರ್ಟು ಕೈ ಹಾಕೋ ಹಾಗಿಲ್ಲ. ಹಂಗಾಗಿ ಪಂಚಾಯ್ತಿ ಮೆಂಬರ್ ಗೆದ್ದಿದ್ದು ತಪ್ಪು ಅಂತ ಸೀದಾ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದ್ರೆ ಜಡ್ಜು ಕೇಳೋ ಮೊದಲ್ನೇ ಪ್ರಶ್ನೆನೇ, ಚುನಾವಣಾ ಅರ್ಜಿನೇ ಯಾಕೆ ಹಾಕ್ಲಿಲ್ಲ ಅಂತ.

ಗೆದ್ದ್ಮೇಲೆ ಬಂದ ಅನರ್ಹತೆ, ಉದಾಹರಣೆಗೆ ಮೆಂಬರ್ ಆದ್ಮೇಲೆ ಅದೇ ಪಂಚಾಯ್ತಿ ಕೆಲಸದ ಗುತ್ತಿಗೆ ತಗೊಂಡ್ರು, ಇಲ್ಲಾ ಕ್ರಿಮಿನಲ್ ಕೇಸಲ್ಲಿ ಶಿಕ್ಷೆ ಆಯ್ತು, ಅದಕ್ಕೆ ಆಯಾ ಕಾಯ್ದೆಲೇ ದೂರು ಯಾರ ಮುಂದೆ ಕೊಡ್ಬೇಕು ಅಂತ ಇರ್ತದೆ. ಗ್ರಾಮ ಪಂಚಾಯ್ತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಅದರ 12ನೇ ಸೆಕ್ಷನ್ನಲ್ಲಿ ಅನರ್ಹತೆಗಳ ಪಟ್ಟಿ ಇದೆ, ಮೊದ್ಲು ಅದನ್ನ ಓದಿ. ಎಮ್ಮೆಲ್ಲೆ ಆದ್ರೆ 192ನೇ ವಿಧಿ ಪ್ರಕಾರ ರಾಜ್ಯಪಾಲರು ಚುನಾವಣಾ ಆಯೋಗದ ಅಭಿಪ್ರಾಯ ಕೇಳಿ ತೀರ್ಮಾನ ಮಾಡ್ತಾರೆ, ಪಕ್ಷಾಂತರ ಆದ್ರೆ ಸ್ಪೀಕರು. ಸಂಬಂಧಪಟ್ಟ ಅಧಿಕಾರಿ ದೂರು ತಗೊಂಡು ಮೇಜಿನ ಮೇಲೆ ಇಟ್ಕೊಂಡು ಕೂತ್ರೆ, ತೀರ್ಮಾನ ಮಾಡಿ ಅಂತ ಆದೇಶ ಕೊಡಿ ಎಂದು ಹೈಕೋರ್ಟಲ್ಲಿ ಮ್ಯಾಂಡಮಸ್ ಕೇಳ್ಬಹುದು. ಅದು ಬೇರೆ ಪ್ರಾರ್ಥನೆ, ಕೋ ವಾರಂಟೋ ಅಲ್ಲ, ಎರಡನ್ನೂ ಕಲೆಸ್ಬೇಡಿ.

ನೇಮಕ ಆಗಿ ಬಂದ ಹುದ್ದೆ, ಅಂದ್ರೆ ವಿಶ್ವವಿದ್ಯಾಲಯದ ಕುಲಪತಿ, ನಿಗಮ ಮಂಡಳಿ ಅಧ್ಯಕ್ಷರು, ಆಯೋಗದ ಸದಸ್ಯರು, ಅರ್ಹತೆ ಇಷ್ಟಿರ್ಬೇಕು ಅಂತ ಕಾಯ್ದೆಲಿ ಬರೆದಿರೋ ಹುದ್ದೆಗಳು, ಇಲ್ಲಿ ಕೋ ವಾರಂಟೋಗೆ ನಿಜವಾದ ಜಾಗ.

ಆಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಬಹಳ ಜನಕ್ಕೆ ಗೊಂದಲ ಆಗೋದು ಸೊಸೈಟಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಸೊಸೈಟಿ ಡೈರೆಕ್ಟರ್ ಇಲೆಕ್ಷನ್ ಅಂದ್ರೆ ಎಮ್ಮೆಲ್ಲೆ ಇಲೆಕ್ಷನ್ನಿಗಿಂತ ಬಿಸಿ ಇರ್ತದೆ, ಆದ್ರೆ ಸಹಕಾರಿ ಸಂಘದ ಡೈರೆಕ್ಟರ್‌ಗಿರಿ ಸಾಮಾನ್ಯವಾಗಿ ಸಾರ್ವಜನಿಕ ಹುದ್ದೆ ಅಲ್ಲ. ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಕೇಸಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಇಂಥ ಸಂಘಗಳು ಸರ್ಕಾರದ ಅಂಗ ಅಲ್ಲ ಅಂತ ಹೇಳಿದೆ. ಅಲ್ಲಿನ ಚುನಾವಣೆ ತಕರಾರಿಗೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ನಲ್ಲಿ ದಾವೆ ಹಾಕೋದು, ಅದಕ್ಕೂ ಗಡುವು ಚಿಕ್ಕದು. ದೇವಸ್ಥಾನದ ಮೊಕ್ತೇಸರಿಕೆ, ಅರ್ಚಕತನದ ಹಕ್ಕಿನ ಜಗಳ ಆದ್ರೆ ಅದು ಇನ್ನೊಂದು ಲೆಕ್ಕ, ಸಿವಿಲ್ ಪ್ರೊಸೀಜರ್ ಕೋಡಿನ 9ನೇ ಸೆಕ್ಷನ್ನಿನ ವಿವರಣೆಲೇ ಇದೆ, ಹುದ್ದೆಯ ಹಕ್ಕಿನ ಜಗಳ ಸಿವಿಲ್ ದಾವೆನೇ, ಅದು ಪೂಜೆ ಪದ್ಧತಿ ಮೇಲೆ ನಿಂತಿದ್ರೂ ಸೈ, ಆ ಹುದ್ದೆಗೆ ಸಂಬಳ ಇಲ್ದಿದ್ರೂ ಸೈ. ಅದಕ್ಕೆ ಊರಿನ ಸಿವಿಲ್ ಕೋರ್ಟೇ ಸಾಕು, ಸುಮ್ನೆ ಹೈಕೋರ್ಟಿಗೆ ಖರ್ಚು ಮಾಡ್ಬೇಡಿ.

ಎರಡನೇದು: ಕ್ಯಾಲೆಂಡರ್ ನೋಡಿ, ಇವತ್ತೇ ನೋಡಿ

ಗ್ರಾಮ ಪಂಚಾಯ್ತಿ ಸೀಟಿನ ಇಲೆಕ್ಷನ್ ಪಿಟಿಶನ್ನಿಗೆ ಫಲಿತಾಂಶ ಘೋಷಣೆ ಆದ ದಿನದಿಂದ 30 ದಿನ, ಅಷ್ಟೇ. 2020ರ ಡಿಸೆಂಬರಲ್ಲಿ ಎರಡು ಹಂತದಲ್ಲಿ ಇಲೆಕ್ಷನ್ ಆಗಿ 30ಕ್ಕೆ ಎಣಿಕೆ ಆಯ್ತಲ್ಲ, ಅದಕ್ಕೆ ಕೊನೇ ದಿನ 2021ರ ಜನವರಿ 29. ವಿಧಾನಸಭೆಗೆ 45 ದಿನ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 81ನೇ ಸೆಕ್ಷನ್ನು, 2023ರ ಮೇ 13ರ ಫಲಿತಾಂಶಕ್ಕೆ ಜೂನ್ 27 ಗಡುವು ಇತ್ತು. ತಡ ಆಗಿದ್ದಕ್ಕೆ ಮಳೆಗಾಲ ಇತ್ತು, ಮನೆಲಿ ಮದುವೆ ಇತ್ತು ಅಂತ ಕಾರಣ ಕೊಟ್ಟು ಮನ್ನಾ ಮಾಡಿಸ್ಕೊಳೋದು ಬೇರೆ ಸಿವಿಲ್ ಕೇಸಲ್ಲಿ ನಡೀತದೆ, ಚುನಾವಣಾ ಅರ್ಜಿಲಿ ಆ ಆಸೆ ಬಿಡಿ. ವಿಧಾನಸಭೆ ಲೋಕಸಭೆ ಅರ್ಜಿಗಳಿಗೆ ಲಿಮಿಟೇಶನ್ ಆಕ್ಟಿನ ಮನ್ನಾ ಅನ್ವಯ ಆಗಲ್ಲ ಅಂತ ಸುಪ್ರೀಂ ಕೋರ್ಟು 1974ರಲ್ಲೇ ಹೇಳಿಬಿಟ್ಟಿದೆ. ಕೊನೇ ದಿನದ ತನಕ ಕಾಯೋದೂ ಬೇಡ, ಕೋರ್ಟ್ ಆಫೀಸಲ್ಲಿ ಒಂದು ಆಬ್ಜೆಕ್ಷನ್ ಹಾಕಿ ವಾಪಸ್ ಕೊಟ್ರೆ ಸರಿ ಮಾಡೋಕೆ ದಿನ ಇರ್ಬೇಕಲ್ಲ.

ಕೋ ವಾರಂಟೋಗೆ ಇಂಥ ಗಟ್ಟಿ ಗಡುವಿಲ್ಲ, ಯಾಕಂದ್ರೆ ಹಕ್ಕಿಲ್ದೆ ಕೂತಿರೋದು ದಿನಾ ನಡೀತಿರೋ ತಪ್ಪು. ಹಾಗಂತ ಅವ್ರು ನಾಲ್ಕೂವರೆ ವರ್ಷ ಅಧಿಕಾರ ಮಾಡೋ ತನಕ ಸುಮ್ನಿದ್ದು ಕೊನೇಲಿ ಹೋದ್ರೆ ಕೋರ್ಟು ನಿಮ್ಮ ಉದ್ದೇಶನೇ ಅನುಮಾನದಿಂದ ನೋಡ್ತದೆ, ನೋಡ್ಬೇಕಾದ್ದೇ ಅನ್ನೋದು ನನ್ನ ಅಭಿಪ್ರಾಯ. ಅವ್ರು ಆಗ್ಲೇ ಹುದ್ದೆ ಬಿಟ್ಟಿದ್ರಂತೂ ಈ ರಿಟ್ಟಿಗೆ ಅರ್ಥನೇ ಇಲ್ಲ.

ಮೂರನೇದು: ಕಾಗದ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೆ, ಯಾಕಂದ್ರೆ ಕೇಸು ಗೆಲ್ಲೋದು ಸೋಲೋದು ಇಲ್ಲೇ.

ಊರಲ್ಲಿ ಎಲ್ರಿಗೂ ಗೊತ್ತು ಅನ್ನೋದು ಕೋರ್ಟಲ್ಲಿ ಸಾಕ್ಷಿ ಅಲ್ಲ. ಚಾ ಅಂಗಡಿಲಿ ಹೇಳ್ದೋರು ಯಾರೂ ಸಾಕ್ಷಿ ಕಟ್ಟೆ ಹತ್ತಲ್ಲ. ಬೇಕಾಗಿರೋದು ಸರ್ಟಿಫೈಡ್ ಕಾಪಿ. ನಾಮಪತ್ರ, ಅದ್ರ ಜೊತೆ ಕೊಟ್ಟ ಅಫಿಡವಿಟ್ಟು, ಪರಿಶೀಲನೆ ದಿನದ ಆದೇಶ, ಎಣಿಕೆಯ ಶೀಟು, ಫಲಿತಾಂಶ ಘೋಷಣೆ, ಮೀಸಲಾತಿ ಅಧಿಸೂಚನೆ, ಮತದಾರರ ಪಟ್ಟಿಯ ಆ ಪುಟ. ನೇಮಕದ ಹುದ್ದೆ ಆದ್ರೆ ನೇಮಕಾತಿ ಆದೇಶ, ಆ ಹುದ್ದೆಯ ಅರ್ಹತೆ ಹೇಳೋ ಕಾಯ್ದೆ ಅಥವಾ ನಿಯಮ, ಜಾಹೀರಾತು, ಆಯ್ಕೆ ಸಮಿತಿ ನಡಾವಳಿ, ಅವ್ರು ಕೊಟ್ಟ ಬಯೋಡೇಟಾ. ನಡಾವಳಿ ಸಿಕ್ಕಿದ್ರೆ ಅರ್ಧ ಕೆಲ್ಸ ಆಯ್ತು.

ಚುನಾವಣಾಧಿಕಾರಿ ಕಚೇರಿಲಿ, ತಹಸೀಲ್ದಾರ್ ಆಫೀಸಲ್ಲಿ ನಕಲು ಅರ್ಜಿ ಹಾಕಿ ಸ್ವೀಕೃತಿ ಹಾಕಿಸ್ಕೊಳಿ. ಜೊತೆಗೇ ಮಾಹಿತಿ ಹಕ್ಕಿನ ಅರ್ಜಿನೂ ಹಾಕಿ, 10 ರೂಪಾಯಿ ಫೀಸು, ಉತ್ತರ ಕೊಡೋಕೆ ಅವ್ರಿಗೆ 30 ದಿನ, ಕರ್ನಾಟಕದಲ್ಲಿ ಒಂದು ಅರ್ಜಿಲಿ ಒಂದೇ ವಿಷಯ, 150 ಪದದ ಒಳಗೆ. ಕಥೆ ಬರೀಬೇಡಿ, "ಇಂಥ ದಿನಾಂಕದ ಇಂಥ ಆದೇಶದ ದೃಢೀಕೃತ ಪ್ರತಿ" ಅಷ್ಟೇ. ಆದ್ರೆ ಲೆಕ್ಕ ಹಾಕಿ ನೋಡಿ, ಮಾಹಿತಿ ಹಕ್ಕಿಗೂ 30 ದಿನ, ಪಂಚಾಯ್ತಿ ಇಲೆಕ್ಷನ್ ಪಿಟಿಶನ್ನಿಗೂ 30 ದಿನ, ಅಂದ್ರೆ ಉತ್ತರ ಬರೋಕೆ ಕಾದ್ರೆ ಕೇಸಿನ ಟೈಮ್ ಮುಗೀತದೆ. ಇರೋ ಕಾಗದದ ಮೇಲೆ ಅರ್ಜಿ ಹಾಕಿ, ಉಳಿದದ್ದನ್ನ ಸಂಬಂಧಪಟ್ಟ ಆಫೀಸಿಂದ ತರ್ಸಿ ಅಂತ ಕೋರ್ಟಿಗೇ ಕೇಳೋದು. ಮೊದಲ ಉತ್ತರ ಬರದೆ ಇದ್ರೆ ಅಪೀಲು ಇದೆ, ಅದಕ್ಕೂ 30 ದಿನ, ಆಮೇಲೆ ಮಾಹಿತಿ ಆಯೋಗಕ್ಕೆ 90 ದಿನ, ಅದು ಕೋ ವಾರಂಟೋ ಕೇಸಿಗೆ ಸರಿ ಹೋದೀತು, ಇಲೆಕ್ಷನ್ ಪಿಟಿಶನ್ನಿಗೆ ಆಗಲ್ಲ.

ಜಾತಿ ಮತ್ತು ಆದಾಯ ಸರ್ಟಿಫಿಕೇಟಿನ ತಕರಾರು ಇದ್ರೆ ಇದನ್ನ ಎರಡು ಸಲ ಓದಿ. ಬಳ್ಳಾರಿ ಜಿಲ್ಲಾ ಪಂಚಾಯತ್ ಅಧ್ಯಕ್ಷೆ ಮೇಲೆ ಮತದಾರರು ಹಾಕಿದ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2018ರಲ್ಲಿ ತೀರ್ಮಾನ ಆಯ್ತು, ಭಾರತಿ ರೆಡ್ಡಿ ಕೇಸು ಅಂತ ವಕೀಲರು ಹೇಳ್ತಾರೆ. ಆ ಹುದ್ದೆಗೆ ಆಧಾರವಾದ ಸರ್ಟಿಫಿಕೇಟು ಸುಳ್ಳು ಅಂತ ವಾದ. ಕೋರ್ಟು ಹೇಳಿದ್ದು, ಸಕ್ಷಮ ಪ್ರಾಧಿಕಾರ ಆ ಸರ್ಟಿಫಿಕೇಟನ್ನ ರದ್ದು ಮಾಡೋ ತನಕ ಅದು ಜೀವಂತ, ಊಹೆ ಮೇಲೆ ಕೋ ವಾರಂಟೋ ಕೊಡೋಕೆ ಆಗಲ್ಲ. ಅಂದ್ರೆ ಮೊದಲು ತಹಸೀಲ್ದಾರ್ ಕೊಟ್ಟ ಸರ್ಟಿಫಿಕೇಟಿನ ಮೇಲೆ ಅಸಿಸ್ಟೆಂಟ್ ಕಮಿಷನರ್ ಹತ್ರ ಹೋಗಿ, ನಮ್ಮಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ನಾಲ್ಕು ಉಪವಿಭಾಗ ಇವೆ, ನಿಮ್ಮ ತಾಲೂಕು ಯಾವುದಕ್ಕೆ ಸೇರ್ತದೆ ನೋಡ್ಕೊಳಿ. ಜೊತೆಗೆ ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ದಾರಿ ಇದೆ. ಅಲ್ಲಿ ರದ್ದಾದ್ರೆ ಆ ಆದೇಶ ಇಟ್ಕೊಂಡು ಹುದ್ದೆ ಮೇಲೆ ಹೋದಾಗ ವಾದ ಮಾಡೋಕೆ ಹೆಚ್ಚೇನೂ ಉಳಿಯಲ್ಲ. ಉಲ್ಟಾ ಹೋದ್ರೆ ವರ್ಷಗಟ್ಲೆ ಓಡಾಡಿ "ಮೊದಲು ಅಲ್ಲಿ ಹೋಗಿ" ಅನ್ನೋ ಉತ್ತರ ಸಿಗ್ತದೆ.

ಕಾರವಾರ ತಾಲೂಕಲ್ಲಿ ಇನ್ನೊಂದು ಮಾಮೂಲಿ ದೂರು, "ಅವ್ರ ಹೆಸರು ಗೋವಾದ ಪಟ್ಟಿಲೂ ಇದೆ, ಇಲ್ಲೂ ಇದೆ" ಅಂತ. ಎರಡು ಕಡೆ ಹೆಸರು ಇರೋದು ತಪ್ಪೇ, ಆದ್ರೆ ಪಟ್ಟಿ ಅಂತಿಮ ಆದ್ಮೇಲೆ ಈ ಹೆಸರು ಇರ್ಬಾರ್ದಿತ್ತು ಅನ್ನೋ ವಾದ ಇಲೆಕ್ಷನ್ ಪಿಟಿಶನ್ನಲ್ಲಿ ಸಾಮಾನ್ಯವಾಗಿ ನಿಲ್ಲಲ್ಲ. ಕರಡು ಪಟ್ಟಿ ಬಂದಾಗ ಆಕ್ಷೇಪಣೆ ಕೊಡ್ಬೇಕು. ಆಗ ಯಾರೂ ಹೋಗಲ್ಲ, ಅದು ಬೇರೆ ಮಾತು.

ನಾಲ್ಕನೇದು: ಊರಿನ ಕೋರ್ಟಲ್ಲಿ ಇಲೆಕ್ಷನ್ ಪಿಟಿಶನ್

ಪಂಚಾಯತ್ ರಾಜ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಆ ಸೀಟಿಗೆ ನಿಂತ ಯಾವ ಅಭ್ಯರ್ಥಿನಾದ್ರೂ ಹಾಕ್ಬಹುದು, ಅಲ್ಲಿ ವೋಟಿರೋ ಯಾವ ಮತದಾರನಾದ್ರೂ ಹಾಕ್ಬಹುದು. ಆ ಪಂಚಾಯ್ತಿ ಪ್ರದೇಶ ಯಾವ ಸಿವಿಲ್ ಕೋರ್ಟಿನ ವ್ಯಾಪ್ತಿಗೆ ಬರ್ತದೋ ಅಲ್ಲಿ. ಅರ್ಜಿ ಜೊತೆಗೇ ಭದ್ರತಾ ಠೇವಣಿ ಕಟ್ಬೇಕು, ನಾಳೆ ಕಟ್ತೆ ಅನ್ನೋದು ನಡಿಯಲ್ಲ. ಎಮ್ಮೆಲ್ಲೆ ಮೇಲೆ ಆದ್ರೆ ಅರ್ಜಿ ಹೈಕೋರ್ಟಿಗೇ, ಠೇವಣಿ 2000 ರೂಪಾಯಿ, ಭ್ರಷ್ಟ ಆಚರಣೆ ಆರೋಪ ಇದ್ರೆ 25ನೇ ನಮೂನೆಲಿ ಬೇರೆ ಅಫಿಡವಿಟ್ಟು.

ಆಧಾರಗಳು ಕಾಯ್ದೆಲಿ ಎಣಿಸಿದಷ್ಟೇ: ಗೆದ್ದೋರಿಗೆ ಅರ್ಹತೆ ಇರ್ಲಿಲ್ಲ, ಭ್ರಷ್ಟ ಆಚರಣೆ ನಡೀತು, ನಾಮಪತ್ರ ತಪ್ಪಾಗಿ ತಿರಸ್ಕಾರ ಆಯ್ತು ಅಥವಾ ತಪ್ಪಾಗಿ ಸ್ವೀಕಾರ ಆಯ್ತು, ವೋಟು ತಪ್ಪಾಗಿ ಸೇರಿತು ಅಥವಾ ಬಿಟ್ಟುಹೋಯ್ತು, ನಿಯಮ ಪಾಲಿಸ್ಲಿಲ್ಲ. ನಾಮಪತ್ರ ತಪ್ಪಾಗಿ ಸ್ವೀಕಾರ ಆಗಿದ್ದಕ್ಕೂ ಕೊನೇವೆರಡಕ್ಕೂ ಅದ್ರಿಂದ ಫಲಿತಾಂಶನೇ ಬದಲಾಯ್ತು ಅಂತ ತೋರಿಸ್ಬೇಕು. 40 ವೋಟಲ್ಲಿ ಸೋತೋರು ಎರಡು ವೋಟು ಕಳ್ಳ ವೋಟು ಅಂತ ಸಾಬೀತು ಮಾಡಿದ್ರೆ ನೈತಿಕ ಸಮಾಧಾನ ಸಿಕ್ಕೀತು, ಸೀಟು ಸಿಗಲ್ಲ.

ಅರ್ಜಿಲಿ ಆರೋಪ ಬರೆಯೋವಾಗ ಯಾರು, ಎಲ್ಲಿ, ಯಾವ ದಿನ, ಯಾರ ಎದುರಿಗೆ, ಎಷ್ಟು ಅಂತ ಇರ್ಬೇಕು. "ಹಣ ಹಂಚಿದ್ರು" ಅಂತ ಒಂದು ಸಾಲು ಬರೆದ ಅರ್ಜಿಗಳು ಸಾಕ್ಷಿ ಹಂತಕ್ಕೂ ಹೋಗಲ್ಲ, ಮುಖ್ಯ ಸಂಗತಿನೇ ಇಲ್ಲ ಅಂತ ಶುರುಲೇ ವಜಾ ಆಗ್ತವೆ. ನಿಮ್ಮನ್ನೇ ಗೆದ್ದವರು ಅಂತ ಘೋಷಿಸಿ ಅಂತ ಕೇಳೋದಿದ್ರೆ ಕಣದಲ್ಲಿ ಉಳಿದಿದ್ದ ಎಲ್ಲಾ ಅಭ್ಯರ್ಥಿಗಳನ್ನೂ ಪಾರ್ಟಿ ಮಾಡ್ಬೇಕು, ಒಬ್ರನ್ನ ಬಿಟ್ರೂ ಎದುರು ವಕೀಲರಿಗೆ ಅದೇ ಸಾಕು.

ಮರು ಎಣಿಕೆ ಬಗ್ಗೆ ಒಂದು ಮಾತು. ಗ್ರಾಮ ಪಂಚಾಯ್ತಿಲಿ ನಮ್ಮ ಕಡೆ ಬ್ಯಾಲೆಟ್ ಪೇಪರು, ಒಂದು ಎರಡು ವೋಟಿನ ಅಂತರ ಹೊಸದಲ್ಲ, ಹಂಗಾಗಿ ಎಲ್ರೂ ಮರು ಎಣಿಕೆ ಕೇಳ್ತಾರೆ. ಗುಪ್ತ ಮತದಾನದ ವಿಷಯ ಆದ್ದರಿಂದ ಕೋರ್ಟು ಡಬ್ಬಿ ಸುಲಭಕ್ಕೆ ತೆಗ್ಸಲ್ಲ, ಎಣಿಕೆ ದಿನವೇ ನೀವು ಬರಹದಲ್ಲಿ ಆಕ್ಷೇಪಣೆ ಕೊಟ್ಟಿದ್ರಾ, ಯಾವ ಟೇಬಲ್ಲು, ಎಷ್ಟು ವೋಟು ತಿರಸ್ಕಾರ ಆಯ್ತು, ಯಾಕೆ ಆಯ್ತು, ಇದೆಲ್ಲ ಕೇಳ್ತದೆ. ಎಣಿಕೆ ಏಜೆಂಟನಿಗೆ ಒಂದು ಬಿಳಿ ಹಾಳೆ, ಪೆನ್ನು ಕೊಟ್ಟು ಕಳ್ಸಿದ್ರೆ ಆಮೇಲೆ ಸಾವಿರಾರು ರೂಪಾಯಿ ಉಳಿತದೆ. ಅರ್ಜಿ ಹಾಕಿದ ಕೂಡ್ಲೆ ಬ್ಯಾಲೆಟ್ ಪೇಪರ್ ನಾಶ ಮಾಡದೆ ಕಾಪಾಡಿ ಇಡೋಕೆ ಆದೇಶ ಕೇಳಿ.

ಆಮೇಲಿಂದು ಮಾಮೂಲು ಸಿವಿಲ್ ದಾವೆ ನಡಿಯೋ ಕ್ರಮವೇ. ನೋಟೀಸು, ತಕರಾರು, ಇಶ್ಯೂ ಕಟ್ಟೋದು ಅಂದ್ರೆ ಜಗಳದ ಪ್ರಶ್ನೆ ಯಾವ್ಯಾವು ಅಂತ ಕೋರ್ಟು ಬರ್ಕೊಳೋದು, ಮುಖ್ಯ ವಿಚಾರಣೆ ಅಫಿಡವಿಟ್ಟು, ಪಾಟೀಸವಾಲು, ಚುನಾವಣಾಧಿಕಾರಿಗೆ ಸಮನ್ಸು, ವಾದ, ತೀರ್ಪು. ಅಧಿಕಾರದ ಅವಧಿ ಐದೇ ವರ್ಷ, ಅಡ್ಜರ್ನಮೆಂಟ್ ಕೇಳೋದು ಗೆದ್ದು ಕೂತೋರಿಗೆ ಲಾಭ, ನೀವು ಪ್ರತಿ ತಾರೀಖಿಗೂ ಹಾಜರಿರಿ.

ಐದನೇದು: ಧಾರವಾಡದ ಹೈಕೋರ್ಟಲ್ಲಿ ಕೋ ವಾರಂಟೋ

ಉತ್ತರ ಕನ್ನಡ ಧಾರವಾಡ ಪೀಠದ ವ್ಯಾಪ್ತಿಗೆ ಬರ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರ ಆಗಸ್ಟಲ್ಲಿ ಕಾಯಂ ಆಯ್ತು, ಅದಕ್ಕೂ ಮುಂಚೆ ಕಾರವಾರದಿಂದ ರಿಟ್ಟು ಅಂದ್ರೆ ರಾತ್ರಿ ಬಸ್ಸಲ್ಲಿ ಬೆಂಗಳೂರು. ಈಗ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ಕಲಘಟಗಿ ಮೇಲೆ ಹೋದ್ರೆ ಆಯ್ತು, ಆದ್ರೆ ಕೋರ್ಟು ಇರೋದು ಧಾರವಾಡ ಊರೊಳಗಲ್ಲ, ಬೆಳಗಾವಿ ದಾರಿಲಿ ಬೇಲೂರು ಕಡೆ, ಆ ಲೆಕ್ಕ ಇಟ್ಕೊಂಡು ಬಸ್ಸು ಹಿಡೀರಿ.

ರಿಟ್ಟು 226ನೇ ವಿಧಿ ಕೆಳಗೆ. ಗೆಲ್ಬೇಕಂದ್ರೆ ಏನು ತೋರಿಸ್ಬೇಕು ಅನ್ನೋದನ್ನ ಸುಪ್ರೀಂ ಕೋರ್ಟು 1963ರಲ್ಲೇ ನಮ್ಮ ರಾಜ್ಯದ್ದೇ ಕೇಸಲ್ಲಿ ಹೇಳಿದೆ, ಮೈಸೂರು ವಿಶ್ವವಿದ್ಯಾಲಯ ಮತ್ತು ಗೋವಿಂದರಾವ್ ಕೇಸು, ಇಂಗ್ಲಿಷ್ ರೀಡರ್ ಹುದ್ದೆಯ ನೇಮಕದ ತಕರಾರು. ಅದು ಸಾರ್ವಜನಿಕ ಹುದ್ದೆ ಆಗಿರ್ಬೇಕು, ಸ್ವತಂತ್ರವಾದ ಗಟ್ಟಿ ಹುದ್ದೆ ಆಗಿರ್ಬೇಕು, ಆ ಮನುಷ್ಯ ಕಾನೂನಿನ ಅಧಿಕಾರ ಇಲ್ದೆ ಅದ್ರಲ್ಲಿ ಇರ್ಬೇಕು. ನೀವು ಇಷ್ಟು ಮೇಲ್ನೋಟಕ್ಕೆ ತೋರಿಸಿದ್ರೆ, ನನಗೆ ಹಕ್ಕಿದೆ ಅಂತ ತೋರಿಸೋ ಹೊರೆ ಕೂತವ್ರ ಮೇಲೆ ಬರ್ತದೆ. ತಮಾಷೆ ಅಂದ್ರೆ ಆ ಕೇಸಲ್ಲಿ ಹೈಕೋರ್ಟು ನೇಮಕ ರದ್ದು ಮಾಡಿತ್ತು, ಸುಪ್ರೀಂ ಕೋರ್ಟು ಅದನ್ನ ತಿರುಗಿಸ್ತು, ಪರಿಣತರ ಸಮಿತಿ ಯೋಗ್ಯತೆ ನೋಡಿ ಆಯ್ಕೆ ಮಾಡಿದ್ರೆ ಕೋರ್ಟು ಸುಲಭಕ್ಕೆ ಕೈ ಹಾಕ್ಬಾರ್ದು ಅಂತ.

2006ರಲ್ಲಿ ಮತ್ತೆ ನಮ್ಮದೇ ಇನ್ನೊಂದು, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ಮೇಲೆ ನೌಕರರ ಸಂಘ ಹಾಕಿದ ಕೇಸು, ಶ್ರೀನಿವಾಸ ರೆಡ್ಡಿ ಕೇಸು. ಅಲ್ಲೂ ಹೈಕೋರ್ಟು ಇಳಿಸಿತ್ತು, ಸುಪ್ರೀಂ ಕೋರ್ಟು ಒಪ್ಲಿಲ್ಲ. ನೇಮಕ ಶಾಸನಬದ್ಧ ನಿಯಮಕ್ಕೆ ವಿರುದ್ಧ ಇದ್ಯಾ ಅನ್ನೋದಷ್ಟೇ ಪ್ರಶ್ನೆ, ಮನುಷ್ಯ ಒಳ್ಳೇವ್ರಾ ಕೆಟ್ಟವ್ರಾ, ಇವ್ರಿಗಿಂತ ಉತ್ತಮರು ಇದ್ರಾ ಅನ್ನೋದು ಅಲ್ಲ. ಹಂಗಾಗಿ ಪಿಡಿಓ ಕೆಲ್ಸ ಮಾಡಲ್ಲ, ಅಧ್ಯಕ್ಷರು ಫೋನ್ ಎತ್ತಲ್ಲ, ಕಮಿಷನ್ ಕೇಳ್ತಾರೆ ಅನ್ನೋ ದೂರಿಗೆ ಈ ರಿಟ್ಟು ಅಲ್ಲ, ಅದಕ್ಕೆ ಲೋಕಾಯುಕ್ತ ಇದೆ, ಇಲಾಖೆ ಇದೆ, ಅವಿಶ್ವಾಸ ಇದೆ.

ಗೆದ್ದ ಕೇಸುಗಳೂ ಇವೆ. 2001ರಲ್ಲಿ ಶಿಕ್ಷೆ ಆಗಿ ಸ್ಪರ್ಧಿಸೋಕೇ ಅನರ್ಹರಾಗಿದ್ದ ಜಯಲಲಿತಾ ಅವರನ್ನ ತಮಿಳುನಾಡಿನ ಮುಖ್ಯಮಂತ್ರಿ ಮಾಡಿದ್ದು ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟು ಹೇಳ್ತು. 2011ರಲ್ಲಿ ಕೇಂದ್ರ ಜಾಗೃತ ಆಯುಕ್ತರ ನೇಮಕವನ್ನೇ ರದ್ದು ಮಾಡ್ತು. ಚುನಾವಣೆಲಿ ಗೆದ್ದೋರ ಮೇಲೂ ಒಂದು ಅಪರೂಪದ್ದು ಇದೆ, 1999ರ ವೆಂಕಟಾಚಲಂ ಕೇಸು, ಆ ಕ್ಷೇತ್ರದ ಮತದಾರರ ಪಟ್ಟಿಲೇ ಇಲ್ದೋರು ತಮ್ಮದೇ ಹೆಸರಿನ ಇನ್ನೊಬ್ಬ ಮತದಾರನ ನಂಬರ್ ಬಳಸಿ ಎಮ್ಮೆಲ್ಲೆ ಆಗಿದ್ರು, ಇಲೆಕ್ಷನ್ ಪಿಟಿಶನ್ ಟೈಮ್ ಮುಗಿದಿದ್ರೂ ರಿಟ್ಟು ನಡೀತದೆ ಅಂತ ಆಯ್ತು. ಈ ಕೇಸು ತೋರ್ಸಿ ನಮ್ದೂ ಹಂಗೇ ಅನ್ನೋರು ಬಹಳ, ಹಂಗೇ ಇರೋದು ಬಹಳ ಕಮ್ಮಿ.

ಯಾರು ಹಾಕ್ಬಹುದು? ಯಾವ ನಾಗರಿಕನಾದ್ರೂ, ನಿಮಗೆ ವೈಯಕ್ತಿಕ ನಷ್ಟ ಆಗಿರ್ಬೇಕು ಅಂತಿಲ್ಲ. ನೌಕರಿ ವಿಷಯದಲ್ಲಿ ಮೂರನೇಯವ್ರು ಪಿಐಎಲ್, ಅಂದ್ರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಹಾಕೋಕೆ ಬರಲ್ಲ, ಕೋ ವಾರಂಟೋ ಮಾತ್ರ ಬರ್ತದೆ ಅಂತ ಸುಪ್ರೀಂ ಕೋರ್ಟು 2010ರಲ್ಲಿ ಜಾರ್ಖಂಡದ ವಿದ್ಯುತ್ ಮಂಡಳಿ ಕೇಸಲ್ಲಿ ಹೇಳಿದೆ. ಆದ್ರೆ ನೀವೇ ಆ ಹುದ್ದೆಗೆ ಅರ್ಜಿ ಹಾಕಿ ತಪ್ಪಿಸ್ಕೊಂಡೋರಾದ್ರೆ ನಿಮ್ಮ ದಾರಿ ಬೇರೆ, ಆಯ್ಕೆನೇ ರದ್ದು ಮಾಡಿ ನನ್ನ ಪರಿಗಣಿಸಿ ಅಂತ ಕೇಳ್ಬೇಕು, ರಾಜ್ಯ ಸರ್ಕಾರಿ ನೌಕರಿ ಆದ್ರೆ ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿ ಅಂದ್ರೆ ಕೆಎಸ್‌ಎಟಿ, ಆಮೇಲೆ ಹೈಕೋರ್ಟು.

ಹಾಕೋ ಕ್ರಮ ಹೀಗೆ. ಮೊದಲು ನೇಮಕ ಮಾಡಿದ ಪ್ರಾಧಿಕಾರಕ್ಕೆ ಒಂದು ಮನವಿ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳ್ಸಿ ರಸೀದಿ ಇಟ್ಕೊಳಿ, ಕಡ್ಡಾಯ ಅಂತಲ್ಲ, ಆದ್ರೆ ಸೀದಾ ಕೋರ್ಟಿಗೆ ಓಡಿ ಬಂದ್ರು ಅನ್ನೋ ಮಾತು ತಪ್ತದೆ. ಅರ್ಜಿಲಿ ಪ್ರತಿವಾದಿಗಳು ರಾಜ್ಯ ಸರ್ಕಾರ, ನೇಮಕ ಮಾಡಿದ ಪ್ರಾಧಿಕಾರ, ಹುದ್ದೆಲಿ ಇರೋ ಮನುಷ್ಯ ಹೆಸರು ಸಮೇತ. ಮೇಲೆ ಚಿಕ್ಕ ಸಾರಾಂಶ, ದಿನಾಂಕಗಳ ಪಟ್ಟಿ, ಆಮೇಲೆ ಸಂಗತಿ, ಆಧಾರ, ಪ್ರಾರ್ಥನೆ, ಕೆಳಗೆ ಅಫಿಡವಿಟ್ಟು, ಅನೆಕ್ಶರ್‌ಗಳು. ಯಾವ ಕಾಯ್ದೆಯ ಯಾವ ನಿಯಮ, ಅದು ಕೇಳೋ ಅರ್ಹತೆ ಏನು, ಇವ್ರಲ್ಲಿ ಇಲ್ದೇ ಇರೋದು ಏನು, ಈ ಮೂರು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೋ ಹಾಗೆ ಬರ್ಸಿ. ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ, ಮಸುಕಾದ ಜೆರಾಕ್ಸಿಗೆ ಟೈಪ್ ಮಾಡಿದ ಪ್ರತಿ ಇಟ್ಬಿಡಿ, ಆಫೀಸ್ ಆಬ್ಜೆಕ್ಷನ್ನಲ್ಲಿ ವಾರಗಟ್ಲೆ ಹೋಗೋದು ಇಂಥದ್ದಕ್ಕೇ. ಇದೇ ವಿಷಯಕ್ಕೆ ಮುಂಚೆ ಬೇರೆ ಕೇಸು ಹಾಕಿದ್ರೆ, ಆ ಮನುಷ್ಯನ ಜೊತೆ ಗಡಿ ಜಗಳ, ಹಣದ ಜಗಳ ಏನಾದ್ರೂ ಇದ್ರೆ ಮುಚ್ಚಿಡ್ಬೇಡಿ, ಎದುರಿನವ್ರು ಹೇಳೇ ಹೇಳ್ತಾರೆ, ಆಗ ದಂಡ ಹಾಕಿ ಕಳಿಸೋದೂ ಉಂಟು.

ಕೇಸಿಗೆ ನಂಬರ್ ಬಿದ್ಮೇಲೆ, ಕೇಸು ತಗೋಬಹುದಾ ಅಂತ ನೋಡೋ ಅಡ್ಮಿಷನ್‌ಗೆ ಬರ್ತದೆ. ಜಡ್ಜಿಗೆ ಮೇಲ್ನೋಟಕ್ಕೆ ಕೇಸಿದೆ ಅನ್ಸಿದ್ರೆ ನೋಟೀಸು, ಆಮೇಲೆ ಅವ್ರ ಆಕ್ಷೇಪಣೆ, ನಿಮ್ಮ ಪ್ರತ್ಯುತ್ತರ, ಮೂಲ ಫೈಲು ತರ್ಸೋದು. ಕೂತವ್ರು ತೀರ್ಪಿನ ತನಕ ಅಧಿಕಾರ ಚಲಾಯಿಸ್ಬಾರ್ದು ಅಂತ ಮಧ್ಯಂತರ ಆದೇಶ ಕೇಳ್ಬಹುದು, ಸಿಗೋದು ಅಪರೂಪ. ಇಲ್ಲಿ ಸಾಕ್ಷಿ ಕಟ್ಟೆ, ಪಾಟೀಸವಾಲು ಸಾಮಾನ್ಯವಾಗಿ ಇಲ್ಲ, ಕಾಗದದ ಮೇಲೇ ತೀರ್ಮಾನ, ಅದಕ್ಕೇ ಸಂಗತಿಲೇ ದೊಡ್ಡ ಜಗಳ ಇರೋ ಕೇಸನ್ನ ಬೇರೆ ವೇದಿಕೆಗೆ ಹೋಗಿ ಅಂತಾರೆ. ಪ್ರತಿ ತಾರೀಖಿಗೂ ನೀವು ಘಟ್ಟ ಹತ್ಬೇಕು ಅಂತಿಲ್ಲ, ಆ ದಿನದ ಕೇಸುಗಳ ಪಟ್ಟಿ, ಅಂದ್ರೆ ಕಾಸ್ ಲಿಸ್ಟು, ಹೈಕೋರ್ಟ್ ವೆಬ್‌ಸೈಟಲ್ಲೇ ಬರ್ತದೆ. ಊರಿನ ಕೋರ್ಟಿನ ಕೇಸಿಗೆ ಇ-ಕೋರ್ಟ್ಸ್ ಆ್ಯಪಲ್ಲಿ ಸಿಎನ್ಆರ್ ನಂಬರ್, ಅಂದ್ರೆ ಪ್ರತಿ ಕೇಸಿಗೂ ಇರೋ ಗುರುತಿನ ನಂಬರ್, ಹಾಕಿದ್ರೆ ಮುಂದಿನ ತಾರೀಖು ಗೊತ್ತಾಗ್ತದೆ.

ವಕೀಲರ ಫೀಸು ಆಗಲ್ಲ ಅನ್ನೋರು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಕೋರ್ಟಿನ ಸಮಿತಿಲಿ ವಿಚಾರ್ಸಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ ಆದಾಯ ನೋಡದೆ ನೆರವು ಕೊಡೋ ಕಾನೂನಿದೆ, ಸಹಾಯವಾಣಿ 15100. ನಿಮ್ಮ ತರದ ಕೇಸಿಗೆ ಸಿಗ್ತದಾ ಅಂತ ಅಲ್ಲೇ ಕೇಳ್ಕೊಳಿ.

ಗೆದ್ರೆ ಏನು ಸಿಗ್ತದೆ

ಕೋ ವಾರಂಟೋಲಿ ಗೆದ್ರೆ ಅವ್ರು ಇಳೀತಾರೆ, ಹುದ್ದೆ ಖಾಲಿ ಆಗ್ತದೆ. ಅದ್ರಲ್ಲಿ ನಿಮ್ಮನ್ನ ಕೂರ್ಸಲ್ಲ. ಇದನ್ನ ಕೇಸು ಹಾಕೋ ದಿನವೇ ಮನ್ಸಿಗೆ ತಗೊಳಿ, ಕೊನೇಲಿ "ಇಷ್ಟೆಯಾ ವಕೀಲ್ರೆ" ಅಂತ ಕೇಳ್ಬೇಡಿ. ಇಲೆಕ್ಷನ್ ಪಿಟಿಶನ್ನಲ್ಲಿ ಮಾತ್ರ, ಸರಿಯಾಗಿ ಕೇಳಿದ್ರೆ, ಸಾಬೀತೂ ಆದ್ರೆ, ನೀವೇ ಗೆದ್ದಿದ್ದು ಅಂತ ಘೋಷಣೆ ಆಗೋ ಅವಕಾಶ ಇದೆ.

ಇನ್ನೊಂದು ಭಯ ಊರವ್ರಿಗೆ ಇರ್ತದೆ, ಅವ್ರು ಅಧ್ಯಕ್ಷರಾಗಿದ್ದಾಗ ಆದ ಠರಾವು, ಕೊಟ್ಟ ಮನೆ ಮಂಜೂರಿ, ಸಹಿ ಮಾಡಿದ ಬಿಲ್ಲು ಎಲ್ಲಾ ಹೋಯ್ತಾ ಅಂತ. ಹೋಗಲ್ಲ. ಅಧಿಕಾರದ ಮುಖವಾಡದಲ್ಲಿ ಕೂತು ಮಾಡಿದ ಕೆಲ್ಸವನ್ನ ನಂಬಿದ ಜನಕ್ಕೆ ತೊಂದ್ರೆ ಆಗ್ಬಾರ್ದು ಅಂತ ಕೋರ್ಟುಗಳು ಅದನ್ನ ಊರ್ಜಿತ ಅಂತಲೇ ಹಿಡೀತವೆ, 1981ರ ಗೋಕರಾಜು ರಂಗರಾಜು ಕೇಸಲ್ಲಿ ನೇಮಕವೇ ಅಸಿಂಧು ಆದ ಜಡ್ಜುಗಳು ಕೊಟ್ಟ ತೀರ್ಪನ್ನೂ ಉಳಿಸಿದ್ರು. ಆದ್ರಿಂದ ಎದುರು ಪಾರ್ಟಿಯವ್ರು "ಇವ್ನು ಕೇಸ್ ಗೆದ್ರೆ ನಿಮ್ಮ ಮನೆ ಹೋಗ್ತದೆ" ಅಂತ ಕೇರಿಲಿ ಹೆದರ್ಸಿದ್ರೆ ಈ ಮಾತು ಹೇಳಿ.

ತೀರ್ಪು ಬಂದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಏಕಸದಸ್ಯ ಪೀಠದ ತೀರ್ಪಿನ ಮೇಲೆ 1961ರ ಹೈಕೋರ್ಟ್ ಕಾಯ್ದೆಯ 4ನೇ ಸೆಕ್ಷನ್ನಲ್ಲಿ ವಿಭಾಗೀಯ ಪೀಠಕ್ಕೆ ರಿಟ್ ಅಪೀಲು, 30 ದಿನ. ಅಲ್ಲಿಂದ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನ. ಎಮ್ಮೆಲ್ಲೆ ಇಲೆಕ್ಷನ್ ಪಿಟಿಶನ್ನಿನ ತೀರ್ಪಿನ ಮೇಲೆ ಸೀದಾ ಸುಪ್ರೀಂ ಕೋರ್ಟು, 30 ದಿನ. ನೀವು ಗೆದ್ದೋರಾದ್ರೆ ತಕ್ಷಣ ಕೇವಿಯಟ್, ಅಂದ್ರೆ ನಮ್ಮನ್ನ ಕೇಳದೆ ಆದೇಶ ಕೊಡ್ಬೇಡಿ ಅಂತ ಮುಂಚೆನೇ ಕೋರ್ಟಿಗೆ ಕೊಡೋ ಅರ್ಜಿ, ಹಾಕ್ಸಿ, ಹಾಕದೆ ಇದ್ರೆ ಎದುರಿನವ್ರು ನಿಮಗೆ ಗೊತ್ತೇ ಆಗದ ಹಾಗೆ ಸ್ಟೇ ತಗೊಂಡು ಸೋಮವಾರ ಬೆಳಿಗ್ಗೆ ಅದೇ ಕುರ್ಚಿಲಿ ಕೂತಿರ್ತಾರೆ. ಕೇವಿಯಟ್ ಜೀವ 90 ದಿನ, ಅಷ್ಟರೊಳಗೆ ಅವ್ರು ಅಪೀಲು ಹಾಕ್ದೆ ಇದ್ರೆ ಇನ್ನೊಂದು ಸಲ ಹಾಕ್ಸ್ಬೇಕು.